ಕಾಲು ಕೊಡುವ ಕುದುರೆ

ಕಲಬುರಗಿಯ ಕೋಟೆಯನ್ನು ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಗೋಡೆಗಳ ದಪ್ಪದ ಕಡೆಗೆ. ಆಮೇಲೆ ಬುರುಜಿನ ಮೇಲಿನ ಉದ್ದನೆಯ ತೋಪು; ಅದಾದ ಮೇಲೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಗುಮ್ಮಟಗಳ ಸಾಲು. ಕುದುರೆಯನ್ನು ಅಲ್ಲಿ ಯಾರೂ ನೆನೆಯುವುದಿಲ್ಲ. ಆದರೆ 1347ರಲ್ಲಿ ಹುಟ್ಟಿ, ಮುಕ್ಕಾಲು ಶತಮಾನ ಕಲಬುರಗಿಯನ್ನೇ ರಾಜಧಾನಿ ಮಾಡಿಕೊಂಡಿದ್ದ ಬಹಮನಿ ರಾಜ್ಯಕ್ಕೆ ಗೋಡೆಯಷ್ಟೇ ದೊಡ್ಡ ಆಸರೆ ಕುದುರೆ. ಕುದುರೆಗೆ ಆಸರೆ ಅದರ ನಾಲ್ಕು ಕಾಲು. ಆ ಕಾಲುಗಳಿಗೆ ಆಸರೆ, ದಿನವೂ ಅವನ್ನು ಮುಟ್ಟಿ, ತಿಕ್ಕಿ, ನೋಡಿಕೊಳ್ಳುವ ಒಬ್ಬ ಲಾಯದಾಳಿನ ಕೈ.

ಇಂದು ರೇಸಿನ ಕುದುರೆಗಳ ತಾಲೀಮಿನಲ್ಲಿ, ಪೋಲೊ ಮೈದಾನದಲ್ಲಿ, ಕುದುರೆಯ ಮೊಣಕಾಲಿನ ಕೆಳಗೆ ಬಿಗಿಯಾಗಿ ಸುತ್ತಿದ ಬಟ್ಟೆಯ ಪಟ್ಟಿಯನ್ನು ಕಾಣಬಹುದು. ದೂರದಿಂದ ನೋಡುವವರಿಗೆ ಅದು ಅಲಂಕಾರ. ಹತ್ತಿರ ಇರುವವರಿಗೆ ಅದು ಕವಚ. ಕವಚವನ್ನು ಕಟ್ಟುವುದು ಐದು ನಿಮಿಷದ ಕೆಲಸ. ಅದನ್ನು ಕಟ್ಟಿಸಿಕೊಳ್ಳಲು ಕುದುರೆಯನ್ನು ಒಪ್ಪಿಸುವುದು ಎಷ್ಟೋ ದಿನಗಳ ಕೆಲಸ. ಪಟ್ಟಿ ಹೊಸದಿರಬಹುದು. ಕುದುರೆ ತಾನಾಗಿ ಕಾಲು ಕೊಡುವಂತೆ ಮಾಡುವ ವಿದ್ಯೆ ಮಾತ್ರ ಬಹಳ ಹಳೆಯದು. ಕಲಬುರಗಿಯ ಸೀಮೆ ಈ ವಿದ್ಯೆಯನ್ನು ನಂಬಿ ಬದುಕಿದ ಸೀಮೆ.

ಮಾಂಸವಿಲ್ಲದ ಕಾಲು

ಕುದುರೆಯ ಮೈಯೆಲ್ಲ ಮಾಂಸಖಂಡ. ಆದರೆ ಮುಂಗಾಲಿನ ಮೊಣಕಾಲಿನಿಂದ ಕೆಳಕ್ಕೆ ಮಾಂಸವೆಂಬುದೇ ಇಲ್ಲ. ಎಲುಬು, ಅದರ ಹಿಂದೆ ಹಗ್ಗದಂತೆ ಇಳಿದ ಸ್ನಾಯುರಜ್ಜು, ಮೇಲೆ ತೆಳುವಾದ ಚರ್ಮ, ಅಷ್ಟೆ. ನಾನೂರು ಐನೂರು ಕಿಲೋ ತೂಕದ ಪ್ರಾಣಿಯ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಕಡ್ಡಿಯಂತಹ ಮುಂಗಾಲುಗಳ ಮೇಲೆ ಬೀಳುತ್ತದೆ. ಓಡುವಾಗ, ಥಟ್ಟನೆ ತಿರುಗುವಾಗ ಹಿಂಗಾಲಿನ ಗೊರಸು ಮುಂಗಾಲಿಗೆ ತಗಲುವುದುಂಟು. ಒಂದು ಕಾಲಿನ ಲಾಳ ಪಕ್ಕದ ಕಾಲನ್ನು ಕೊಯ್ಯುವುದುಂಟು. ಅಲ್ಲಿ ಬಿದ್ದ ಪೆಟ್ಟಿಗೆ ಅಡ್ಡ ಬರಲು ಮಾಂಸವಿಲ್ಲವಾದ್ದರಿಂದ ಪೆಟ್ಟು ನೇರವಾಗಿ ಎಲುಬಿಗೆ ಅಥವಾ ರಜ್ಜುವಿಗೆ ಇಳಿಯುತ್ತದೆ. ರಜ್ಜು ಹರಿದರೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಎಲುಬು ಮುರಿದರೆ, ಇಂದಿನ ವೈದ್ಯ ಸೌಲಭ್ಯಗಳ ನಡುವೆಯೂ, ಆ ಕುದುರೆ ಮತ್ತೆ ಕೆಲಸಕ್ಕೆ ಬರುವುದು ಅಪರೂಪ.

ಹೀಗೆ ಹೋದ ಕುದುರೆಯ ಬೆಲೆ ಏನು ಎಂಬುದನ್ನು ತಿಳಿಯಬೇಕಾದರೆ ಆ ಕಾಲದ ವ್ಯಾಪಾರವನ್ನು ನೋಡಬೇಕು. ದಖ್ಖಣದಲ್ಲಿ ನಾಡತಳಿಯ ಕುದುರೆಗಳು ಇರಲಿಲ್ಲವೆಂದಲ್ಲ. ಭೀಮಾ ಕಣಿವೆಯ ಗಟ್ಟಿಮುಟ್ಟಾದ ಭೀಮಥಡಿ ಕುದುರೆ ಮುಂದೆ ಮರಾಠರ ದಂಡಿನಲ್ಲಿ ಹೆಸರು ಮಾಡಿತು. ಆದರೆ ಸುಲ್ತಾನರಿಗೂ ಅವರ ಎದುರಾಳಿಗಳಾದ ವಿಜಯನಗರದ ಅರಸರಿಗೂ ಬೇಕಾದದ್ದು ಅರಬ್ಬಿ, ಪರ್ಷಿಯಾಗಳ ಎತ್ತರದ ಕುದುರೆ. ಅದು ಬರಬೇಕಾದದ್ದು ಹಡಗಿನಲ್ಲಿ. ಗೋವೆ, ದಾಭೋಳ, ಚೌಲ್ ಬಂದರುಗಳು ಯಾರ ಕೈಯಲ್ಲಿವೆ ಎಂಬುದು ಎರಡೂ ರಾಜ್ಯಗಳಿಗೆ ಸಾವು ಬದುಕಿನ ಪ್ರಶ್ನೆಯಾದದ್ದು ಇದರಿಂದಲೇ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಗೋವೆಯನ್ನು ಗೆದ್ದಾಗ ಭೂಮಿಯ ಜೊತೆಗೆ ಕುದುರೆಯ ಬಾಗಿಲನ್ನೂ ಗೆದ್ದ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಒಂದು ಸಂಗತಿ ಈ ಹಸಿವಿನ ಆಳವನ್ನು ಹೇಳುತ್ತದೆ: ಸಾಳುವ ನರಸಿಂಹನು ಸಮುದ್ರದಲ್ಲೇ ಸತ್ತ ಕುದುರೆಗಳಿಗೂ, ಬಾಲ ತಂದು ತೋರಿಸಿದರೆ ಸಾಕು, ಹಣ ಕೊಡುತ್ತಿದ್ದನಂತೆ.

ಆಳಂದದ ಸಂತೆ

ಇಂತಹ ಒಂದು ಕುದುರೆಯ ಪ್ರಯಾಣದ ಕಥೆ ಉಳಿದು ಬಂದಿದೆ. ಅದನ್ನು ಬರೆದವನು ರಷ್ಯಾದ ವರ್ತಕ ಅಫನಾಸಿ ನಿಕಿಟಿನ್. 1469ರ ಸುಮಾರಿಗೆ ಅವನು ಹೋರ್ಮುಜ್ ಕಡೆಯಿಂದ ಒಂದೇ ಒಂದು ಗಂಡು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್‌ನಲ್ಲಿ ಇಳಿದ. ಜುನ್ನರದಲ್ಲಿ ಅಲ್ಲಿನ ಖಾನನು ಅದನ್ನು ಕಿತ್ತುಕೊಂಡ. ಖುರಾಸಾನದ ಒಬ್ಬ ಹಿರಿಯನ ಮಧ್ಯಸ್ಥಿಕೆಯಿಂದ ಮರಳಿ ಸಿಕ್ಕಿತು. ಮಳೆಗಾಲವಿಡೀ ಅದನ್ನು ಸಾಕಿ ನಿಕಿಟಿನ್ ಬೀದರಿಗೆ ಬಂದ. ಅಷ್ಟರಲ್ಲಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಗಿ ಅರ್ಧ ಶತಮಾನವೇ ಸರಿಯುತ್ತ ಬಂದಿತ್ತು. ಲಾಭದ ಆಸೆಯಿಂದ ಬಂದ ವರ್ತಕನಿಗೆ ಕುದುರೆಯನ್ನು ಮೇಯಿಸಿದ ಖರ್ಚೇ ದೊಡ್ಡ ಹೊರೆಯಾಯಿತು. ಕಾಳು, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಖಿಚಡಿ ಈ ನಾಡಿನಲ್ಲಿ ಕುದುರೆಯ ಮೇವು ಎಂದು ಅವನು ಬೆರಗಿನಿಂದ ಬರೆದಿದ್ದಾನೆ.

ಅದೇ ಬರಹದಲ್ಲಿ ಬೀದರಿನಿಂದ ಹನ್ನೆರಡು ಹರದಾರಿಯ ಒಂದು ವಾರ್ಷಿಕ ಸಂತೆಯ ವರ್ಣನೆ ಇದೆ. ಶೇಖ್ ಅಲಾವುದ್ದೀನ್ ಎಂಬ ಸಂತನ ಹೆಸರಿನಲ್ಲಿ ಹತ್ತು ದಿನ ನಡೆಯುತ್ತಿದ್ದ ಆ ಸಂತೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ನಿಕಿಟಿನ್ ಹೇಳುತ್ತಾನೆ. ಆ ಊರು ಕಲಬುರಗಿ ಜಿಲ್ಲೆಯ ಇಂದಿನ ಆಳಂದ. ಸಂತ, ಅಲ್ಲಿನ ಲಾಡ್ಲೆ ಮಶಾಯಿಕ್ ದರ್ಗಾದಲ್ಲಿ ಮಲಗಿರುವ ಅಲಾವುದ್ದೀನ್ ಅನ್ಸಾರಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಖ್ಯೆ ಒಂದಿಷ್ಟು ಉಬ್ಬಿರಲಿಕ್ಕೂ ಸಾಕು. ಆದರೆ ಸಂತೆಯಲ್ಲಿ ಕುದುರೆ ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಬಗ್ಗಿ ಕಾಲು ಹಿಡಿಯುತ್ತಾನೆ. ಕಾಲು ಮುಟ್ಟಗೊಡದ ಕುದುರೆಗೆ ಬೆಲೆ ಇಳಿಯುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ಕಾಲು ಕೊಡುವ ಅಭ್ಯಾಸ ಹಣದ ಮಾತಾಗಿತ್ತು.

ಸವಾರನಿಗೆ ಅದು ಮಾನದ ಮಾತೂ ಹೌದು. ದಖ್ಖಣದ ದಂಡುಗಳಲ್ಲಿ ಸ್ವಂತ ಕುದುರೆಯೊಡನೆ ಚಾಕರಿಗೆ ಬರುವವನು ಸಿಲೇದಾರ. ಒಡೆಯನ ಕುದುರೆ ಏರುವವನು ಬಾರಗೀರ. ಸಂಬಳವೂ ಬೇರೆ, ಮರ್ಯಾದೆಯೂ ಬೇರೆ. ಸಿಲೇದಾರನ ಕುದುರೆ ಕಾಲು ಮುರಿದುಕೊಂಡರೆ, ಇನ್ನೊಂದನ್ನು ಕೊಳ್ಳುವ ಶಕ್ತಿ ಇಲ್ಲದಿದ್ದರೆ, ಅವನು ಬಾರಗೀರನಾಗಿ ಇಳಿಯಬೇಕಿತ್ತು. ಒಂದು ಕುದುರೆಯ ಕಾಲಿನ ಮೇಲೆ ಒಂದು ಮನೆತನದ ಸ್ಥಾನ ನಿಂತಿರುತ್ತಿತ್ತು.

ಕಮಲಾಪುರದ ದಾರಿ

ಕಲಬುರಗಿಯಿಂದ ಬೀದರಿಗೆ ಹೋಗುವ ಇಂದಿನ ಹೆದ್ದಾರಿ ಕಮಲಾಪುರ, ಹುಮನಾಬಾದುಗಳನ್ನು ಹಾದು ಹೋಗುತ್ತದೆ. ಇದು ಹಂಪಿಯ ಮಗ್ಗುಲಿನ ಕಮಲಾಪುರವಲ್ಲ. ಕೆಂಪು ಬಾಳೆಗೆ ಹೆಸರಾದ, ಈಗ ತಾಲ್ಲೂಕು ಕೇಂದ್ರವಾಗಿರುವ ಕಲಬುರಗಿ ಜಿಲ್ಲೆಯ ಕಮಲಾಪುರ. ಬಹಮನಿಗಳ ಮೊದಲ ರಾಜಧಾನಿಗೂ ಎರಡನೆಯ ರಾಜಧಾನಿಗೂ ನಡುವಿನ ನೆಲ ಇದು. ಈ ನೂರು ಕಿಲೋಮೀಟರಿನ ಚಿಲ್ಲರೆ ದೂರದಲ್ಲಿ ಕುದುರೆಯ ಕಾಲಿಗೆ ಎದುರಾಗುವ ಪರೀಕ್ಷೆಗಳು ಹಲವು. ಕಲಬುರಗಿಯ ಸುತ್ತ ಕರಿಯ ಎರೆಮಣ್ಣು. ಬೇಸಗೆಯಲ್ಲಿ ಬಾಯಿಬಿಟ್ಟ ಬಿರುಕು; ಗೊರಸು ಸಿಕ್ಕಿಕೊಂಡರೆ ಕಾಲು ಉಳುಕುತ್ತದೆ. ಮಳೆಗಾಲದಲ್ಲಿ ಅಂಟಿನಂತಹ ರಾಡಿ. ಒಂದೊಂದು ಹೆಜ್ಜೆಯನ್ನೂ ಕಿತ್ತು ಇಡಬೇಕು. ಕಮಲಾಪುರದಿಂದ ಮುಂದೆ ಗುಡ್ಡದ ಏರಿಳಿತ, ಕಲ್ಲು ಹರಳು. ಬೀದರಿನ ಹತ್ತಿರ ಕೆಂಪು ಜಂಬಿಟ್ಟಿಗೆಯ ಗಟ್ಟಿ ನೆಲ.

ಕಾಲಿಗೆ ಸುತ್ತಿದ ಬಟ್ಟೆ ಇಂತಹ ಎಲ್ಲ ನೆಲಕ್ಕೂ ಒಗ್ಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎರೆಮಣ್ಣಿನ ರಾಡಿಯಲ್ಲಿ ಬಟ್ಟೆ ನೆನೆದು ಭಾರವಾಗುತ್ತದೆ, ಜಾರುತ್ತದೆ. ಒಳಗೆ ಸೇರಿದ ಹರಳು ಚರ್ಮವನ್ನು ಉಜ್ಜುತ್ತದೆ. ಕಲ್ಲು ನೆಲದಲ್ಲಿ, ತಿರುವು ಮುರುವಿನ ಕೆಲಸದಲ್ಲಿ ಅದೇ ಬಟ್ಟೆ ಕಾಲನ್ನು ಪೆಟ್ಟಿನಿಂದ ಕಾಯುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ಬಿಚ್ಚಬೇಕು ಎಂಬ ವಿವೇಕವೂ ಈ ವಿದ್ಯೆಯ ಒಂದು ಭಾಗ.

ಗ್ರಂಥ ಮತ್ತು ಕೈ

ಕುದುರೆಯ ಶಾಸ್ತ್ರಕ್ಕೆ ಈ ಸೀಮೆಯಲ್ಲಿ ಕೊರತೆ ಇರಲಿಲ್ಲ. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣಗಳನ್ನೂ, ಕುದುರೆಯೇರಿ ಚೆಂಡಾಡುವ ಆಟವನ್ನೂ ವಿವರಿಸಿದ್ದಾನೆ. ಕನ್ನಡದಲ್ಲಿ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯದ ಗ್ರಂಥ ಬರೆದ. ಸಂಸ್ಕೃತದ ಶಾಲಿಹೋತ್ರ ಶಾಸ್ತ್ರವನ್ನು ಅಬ್ದುಲ್ಲಾ ಬಿನ್ ಸಫೀ ಎಂಬ ವಿದ್ವಾಂಸ ಬಹಮನಿ ದೊರೆ ಅಹಮದ್ ಶಹಾ ವಲಿಗಾಗಿ ಪರ್ಷಿಯನ್ನಿಗೆ ತಂದ. ಶಾಲಿಹೋತ್ರ ಎಂಬ ಋಷಿಯ ಹೆಸರೇ ಸವೆದು ‘ಸಾಲೋತ್ರಿ’ ಆಗಿ, ಕುದುರೆ ವೈದ್ಯನಿಗೆ ಉರ್ದುವಿನಲ್ಲಿ ಹೆಸರಾಯಿತು. ಬ್ರಿಟಿಷರ ಕಾಲದ ಅಶ್ವದಳಗಳಲ್ಲಿಯೂ ಆ ಹೆಸರೇ ನಡೆಯಿತು.

ಭಾಷೆಗಳ ಈ ಕೂಡುವಿಕೆ ಕುದುರೆಯ ಮೈಮೇಲೆಯೇ ಕಾಣುತ್ತದೆ. ಕಡಿವಾಣ ಕನ್ನಡದ್ದು, ಹಳಗನ್ನಡದ ಹಲ್ಲಣದ ಜಾಗಕ್ಕೆ ಪರ್ಷಿಯನ್ನಿನ ಜೀನು ಬಂತು, ಲಗಾಮು, ರಿಕಾಬು ಅದೇ ದಾರಿಯಲ್ಲಿ ಬಂದವು. ಪಟ್ಟಿ ಎಂಬ ಸರಳ ಪದ ಮಾತ್ರ ಇಲ್ಲಿಂದ ಹೊರಗೆ ಹೋಯಿತು. ಮೊಣಕಾಲಿನವರೆಗೆ ಬಟ್ಟೆ ಸುತ್ತಿಕೊಳ್ಳುವ ಪದ್ಧತಿಯನ್ನು ಬ್ರಿಟಿಷ್ ಸೈನ್ಯ ಭಾರತದಲ್ಲಿ ಕಲಿತು, ಹಿಂದೂಸ್ತಾನಿಯ ‘ಪಟ್ಟಿ’ಯನ್ನೇ ‘ಪಟ್ಟೀ’ ಎಂದು ಇಂಗ್ಲಿಷಿಗೆ ಸೇರಿಸಿಕೊಂಡಿತು. 1914ರ ಮಹಾಯುದ್ಧದಲ್ಲಿ ಲಕ್ಷಾಂತರ ಸೈನಿಕರು ಅದನ್ನು ಕಾಲಿಗೆ ಸುತ್ತಿಕೊಂಡು ಕಂದಕಗಳಲ್ಲಿ ನಿಂತರು. ಮೈಸೂರಿನ, ಹೈದರಾಬಾದಿನ ಲ್ಯಾನ್ಸರ್ ದಳಗಳು ಈಜಿಪ್ಟಿಗೆ ಹೊರಟದ್ದೂ ಆ ಯುದ್ಧಕ್ಕೇ. ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಊರು.

ಗ್ರಂಥಗಳು ಉಳಿದವು. ಆದರೆ ನಸುಕಿನಲ್ಲಿ ಲಾಯಕ್ಕೆ ಹೋಗಿ, ಬೆದರಿದ ಕುದುರೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡವನ ಹೆಸರನ್ನು ಯಾವ ಶಾಸನವೂ ಕೊರೆಯಲಿಲ್ಲ. ಮೊಗಲ್ ಮತ್ತು ದಖ್ಖಣಿ ಚಿತ್ರಗಳಲ್ಲಿ ಕಾಲಿಗೆ ಮದರಂಗಿಯ ಕೆಂಪು ಹಚ್ಚಿದ ಕುದುರೆಗಳಿವೆ. ಬಣ್ಣ ಹಿಡಿಯುವವರೆಗೆ ಕುದುರೆ ನಿಲ್ಲಬೇಕಾದರೆ ಅದರ ಕಾಲು ಎಷ್ಟು ಕೈಗಳಿಗೆ ಪಳಗಿರಬೇಕು! ಆ ಚಿತ್ರಗಳು ಲಾಯದಾಳಿನ ಸಹಿ ಇಲ್ಲದ ಪ್ರಮಾಣಪತ್ರಗಳು.

ಕುದುರೆ ಏಕೆ ಹೆದರುತ್ತದೆ?

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಬೀಳುವ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಕೋರೆಯಿಲ್ಲ, ಓಟವೇ ರಕ್ಷಣೆ. ಕಾಲಿಗೆ ಏನಾದರೂ ಸುತ್ತಿಕೊಂಡಿತೆಂದರೆ ಓಡುವ ದಾರಿ ಮುಚ್ಚಿತೆಂದೇ ಅದರ ಅರ್ಥ. ಹಾವು ಸುತ್ತಿತೋ, ಬಳ್ಳಿ ತೊಡರಿತೋ, ಅದು ವಿಚಾರ ಮಾಡುವುದಿಲ್ಲ, ಒದೆಯುತ್ತದೆ. ನಮ್ಮ ನಾಡಿನಲ್ಲಿ ಕುದುರೆಯನ್ನು ಮುಂದೆ ಅಗಾಡಿ, ಹಿಂದೆ ಪಿಛಾಡಿ ಎಂಬ ಎರಡು ಹಗ್ಗಗಳಿಂದ ಕಟ್ಟುವ ರೂಢಿ ಇತ್ತು. ಪಿಛಾಡಿ ಹಿಂಗಾಲಿಗೇ ಬೀಳುವ ಹಗ್ಗ. ಅದರಲ್ಲಿ ಒಮ್ಮೆ ಗಾಯಗೊಂಡ ಕುದುರೆ ಕಾಲಿಗೆ ಬರುವ ಪ್ರತಿಯೊಂದನ್ನೂ ಹಗ್ಗವೆಂದೇ ಬಗೆಯುತ್ತದೆ. ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಸುಳಿಯಬಾರದೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದ್ದರಿಂದ ಬಲ್ಲವರು ಮೊದಲ ದಿನ ಪಟ್ಟಿಯನ್ನೇ ಹೊರಗೆ ತೆಗೆಯುವುದಿಲ್ಲ. ಕುದುರೆಯ ಭುಜದ ಮೇಲೆ ಕೈಯಿಟ್ಟು, ಕೈಯನ್ನು ಎತ್ತದೆ ನಿಧಾನವಾಗಿ ಕೆಳಕ್ಕೆ ಇಳಿಸುತ್ತಾರೆ. ಕುದುರೆ ಮೈ ಬಿಗಿದರೆ ಅಲ್ಲಿಯೇ ನಿಲ್ಲುತ್ತಾರೆ. ಸಡಿಲಿಸಿದೊಡನೆ ಕೈ ತೆಗೆಯುತ್ತಾರೆ. ಗುಟ್ಟು ಇರುವುದು ಈ ಕ್ಷಣದಲ್ಲಿ. ಕುದುರೆ ಒದ್ದಾಗ ಕೈ ತೆಗೆದರೆ, ಒದ್ದರೆ ಬಿಡುತ್ತಾರೆ ಎಂಬುದನ್ನು ಅದು ಕಲಿಯುತ್ತದೆ. ಸುಮ್ಮನೆ ನಿಂತಾಗ ಕೈ ತೆಗೆದರೆ, ನಿಂತರೆ ಬಿಡುತ್ತಾರೆ ಎಂಬುದನ್ನು ಕಲಿಯುತ್ತದೆ. ಎರಡೂ ಪಾಠವೇ, ಯಾವುದನ್ನು ಕಲಿಸಬೇಕೆಂಬುದು ಮನುಷ್ಯನ ಆಯ್ಕೆ.

ಕೈ ಗೊರಸಿನವರೆಗೆ ಇಳಿದ ಮೇಲೆ ಬಟ್ಟೆಯ ಸರದಿ. ಮೊದಲು ಕುದುರೆ ಅದನ್ನು ಮೂಸಿ ನೋಡಬೇಕು. ಆಮೇಲೆ ಕುತ್ತಿಗೆಗೆ, ಭುಜಕ್ಕೆ, ಕೊನೆಗೆ ಕಾಲಿಗೆ ಸವರಬೇಕು. ಒಂದು ಸುತ್ತು ಸುತ್ತಿ, ಕಟ್ಟದೆ, ಬಿಚ್ಚಬೇಕು. ಎಡಗಾಲಿನಲ್ಲಿ ಕಲಿತದ್ದು ಬಲಗಾಲಿಗೆ ತಾನಾಗಿ ಬರುವುದಿಲ್ಲ. ಕುದುರೆಗೆ ಒಂದು ಮಗ್ಗುಲಲ್ಲಿ ಕಲಿಸಿದ್ದನ್ನು ಇನ್ನೊಂದು ಮಗ್ಗುಲಲ್ಲಿ ಮೊದಲಿನಿಂದ ಕಲಿಸಬೇಕು. ಮುಂಗಾಲು ಮೊದಲು, ಹಿಂಗಾಲು ಆಮೇಲೆ. ಕಟ್ಟುವವನು ಎಂದೂ ಮಂಡಿಯೂರಬಾರದು, ನೆಲಕ್ಕೆ ಕೂರಬಾರದು; ಕುಕ್ಕರುಗಾಲಲ್ಲಿ, ಥಟ್ಟನೆ ಹಿಂದೆ ಸರಿಯುವಂತೆ ಇರಬೇಕು.

ಮೊದಲ ಸಲ ಪಟ್ಟಿ ಕಟ್ಟಿಸಿಕೊಂಡ ಕುದುರೆ ನಡೆಯುವುದನ್ನು ನೋಡಿದವರಿಗೆ ನಗು ತಡೆಯುವುದಿಲ್ಲ. ಹೊಳೆ ದಾಟುವವರಂತೆ ಒಂದೊಂದು ಕಾಲನ್ನೂ ಎತ್ತರಕ್ಕೆ ಎತ್ತಿ ಇಡುತ್ತದೆ. ಹಿಂಗಾಲಿಗೆ ಕಟ್ಟಿದಾಗಲಂತೂ ಇನ್ನೂ ಹೆಚ್ಚು. ನಗಬಹುದು, ಆದರೆ ಅವಸರ ಮಾಡಬಾರದು. ಲಗಾಮು ಹಿಡಿದು ನಾಲ್ಕು ಹೆಜ್ಜೆ ನಡೆಸಿ, ನಿಲ್ಲಿಸಿ, ಬೆನ್ನು ತಟ್ಟಿ, ಮತ್ತೆ ನಡೆಸಬೇಕು. ಐದು ನಿಮಿಷ, ಹತ್ತು ನಿಮಿಷ. ಬಿಚ್ಚಿ ಕಾಲು ತಿಕ್ಕಬೇಕು. ಕೆಲವು ದಿನ ಕಳೆದ ಮೇಲೆ ಕುದುರೆ ಪಟ್ಟಿಯನ್ನು ಮರೆತುಬಿಡುತ್ತದೆ. ಅದು ಮರೆತ ದಿನವೇ ಕೆಲಸ ಮುಗಿದ ದಿನ.

ಕಾಯುವ ಬಟ್ಟೆಯೇ ಕೊಲ್ಲಬಹುದು

ಒಪ್ಪಿದ ಕುದುರೆಗೆ ತಪ್ಪಾಗಿ ಕಟ್ಟಿದರೆ ಅದು ದ್ರೋಹ. ಒಳಗೆ ಹತ್ತಿಯ ಮೆತ್ತೆ ಇಡದೆ ಬಿಗಿದರೆ ಒತ್ತಡವೆಲ್ಲ ಒಂದೇ ಗೆರೆಯಲ್ಲಿ ಬಿದ್ದು ರಜ್ಜುವಿಗೆ ಪೆಟ್ಟಾಗುತ್ತದೆ. ಒಂದು ಸುತ್ತಿನ ಅರ್ಧದಷ್ಟನ್ನು ಮುಂದಿನ ಸುತ್ತು ಮುಚ್ಚುವಂತೆ, ಎಲ್ಲ ಕಡೆ ಒಂದೇ ಬಿಗಿಯಲ್ಲಿ, ಮೆತ್ತೆ ಸುಕ್ಕಾಗದಂತೆ ಸುತ್ತಬೇಕು. ಕೊನೆಯ ಕಟ್ಟು ಕಾಲಿನ ಹೊರಮಗ್ಗುಲಿಗೆ ಬರಬೇಕು; ಮುಂದಿನ ಎಲುಬಿನ ಮೇಲೆ, ಹಿಂದಿನ ರಜ್ಜುವಿನ ಮೇಲೆ ಬರಬಾರದು. ಕಟ್ಟಿದ ಮೇಲೆ ಒಂದು ಬೆರಳು ಒಳಗೆ ತೂರುವಂತಿರಬೇಕು. ತೀರ ಸಡಿಲವಾದರೆ ಓಡುವಾಗ ಬಿಚ್ಚಿ ಕಾಲಿಗೆ ತೊಡರಿ, ಕುದುರೆ ಸವಾರ ಇಬ್ಬರೂ ನೆಲ ಕಚ್ಚುತ್ತಾರೆ.

ಪಟ್ಟಿ ಕಾಲಿಗೆ ‘ಶಕ್ತಿ’ ಕೊಡುತ್ತದೆಂಬ ನಂಬಿಕೆ ಹಿಂದೆ ವ್ಯಾಪಕವಾಗಿತ್ತು. ಇಂದಿನ ಅಶ್ವವೈದ್ಯರು ಅಷ್ಟು ಧೈರ್ಯದಿಂದ ಹಾಗೆ ಹೇಳುವುದಿಲ್ಲ. ಅರ್ಧ ಟನ್ ತೂಕ ಓಡುವಾಗ ಬೀಳುವ ಭಾರವನ್ನು ಒಂದು ತುಂಡು ಬಟ್ಟೆ ಹೊರಲಾರದು. ತರಚು, ಬಡಿತಗಳಿಂದ ಕಾಯುವುದು ಮಾತ್ರ ಅದರ ಕೆಲಸ. ಮೇಲಾಗಿ ಬಟ್ಟೆಯ ಒಳಗೆ ಕಾಲು ಬಿಸಿಯೇರುತ್ತದೆ, ಆ ಬಿಸಿ ರಜ್ಜುವಿಗೆ ಒಳ್ಳೆಯದಲ್ಲ. ಕಲಬುರಗಿಯಂತಹ ಬಿಸಿಲೂರಿನಲ್ಲಿ ಕೆಲಸ ಮುಗಿದೊಡನೆ ಬಿಚ್ಚಿ ತಣ್ಣೀರು ಹಾಕಬೇಕು.

ಟಾಂಗಾ ಹೋದ ಮೇಲೆ

ಮುಂಬಯಿ, ಮದರಾಸುಗಳ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ಹಾದಿಯ ನಿಲ್ದಾಣವಾದ ಕಲಬುರಗಿಯಲ್ಲಿ ರೈಲಿನಿಂದ ಇಳಿದವರನ್ನು ಊರೊಳಗೆ ಕರೆದೊಯ್ಯುವ ಕೆಲಸ ಬಹಳ ಕಾಲ ಟಾಂಗಾದ ಪಾಲಿಗಿತ್ತು. ಸುಲ್ತಾನನ ಲಾಯದ ವಿದ್ಯೆ ಟಾಂಗಾವಾಲಾನ ಗುಡಿಸಲಿನಲ್ಲಿ ಉಳಿದುಕೊಂಡಿತು. ಅವನಿಗೆ ಕುದುರೆಯ ಕಾಲೆಂದರೆ ಆ ದಿನದ ರೊಟ್ಟಿ. ಲಾಳ ಕಟ್ಟುವವನ ಮುಂದೆ ಕಾಲೆತ್ತಿ ನಿಲ್ಲದ ಕುದುರೆ ಅವನಿಗೆ ಬೇಕಾಗಿರಲಿಲ್ಲ. ನಿಲ್ಲುವಂತೆ ಮಾಡುವುದನ್ನು ಅಪ್ಪನಿಂದ ಮಗ ಕಲಿಯುತ್ತಿದ್ದ. ಆಟೊರಿಕ್ಷಾ ಬಂದ ಮೇಲೆ ಟಾಂಗಾ ಹಿಂದೆ ಸರಿಯಿತು. ಉಳಿದ ಕುದುರೆಗಳು ಮದುವೆಯ ಮೆರವಣಿಗೆಗೆ ಬಂದವು. ಬ್ಯಾಂಡು, ಪಟಾಕಿ, ಡಾಂಬರು ರಸ್ತೆಗಳ ನಡುವೆ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ನಿಲ್ಲುವ ಆ ಕುದುರೆಗೂ ಯಾರೋ ಒಬ್ಬರು ದಿನಗಟ್ಟಲೆ ಕೂತು ಧೈರ್ಯ ಹೇಳಿಕೊಟ್ಟಿರುತ್ತಾರೆ.

ಮೈಸೂರಿನಲ್ಲಿ ದಸರೆಗೆ ಮೊದಲು ಆನೆಗಳ ಜೊತೆಗೆ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪು ಹಾರಿಸುವ ತಾಲೀಮು ನಡೆಯುತ್ತದೆ. ಹಬ್ಬದ ದಿನದ ಸದ್ದಿಗೆ ಅವು ಬೆಚ್ಚಬಾರದೆಂದು ಮೊದಲೇ ಆ ಸದ್ದಿನ ಪರಿಚಯ ಮಾಡಿಸುವುದು ಅದರ ಉದ್ದೇಶ. ತೋಪಿನ ಗುಡುಗಿಗೆ ಒಗ್ಗಿಸುವುದಾಗಲಿ, ಒಂದು ಗೇಣು ಬಟ್ಟೆಗೆ ಒಗ್ಗಿಸುವುದಾಗಲಿ, ವಿದ್ಯೆ ಒಂದೇ. ಗ್ರೀಸಿನ ಕ್ಸೆನೊಫನ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕುದುರೆ ಸವಾರಿಯ ಬಗ್ಗೆ ಬರೆದಾಗ, ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಬಾರದೆಂದು ಎಚ್ಚರಿಸಿದ್ದ. ಕಲಬುರಗಿಯ ಟಾಂಗಾವಾಲಾ ಕ್ಸೆನೊಫನ್ನನ ಹೆಸರು ಕೇಳಿದವನಲ್ಲ. ಆದರೆ ಆ ಮಾತು ಅವನಿಗೆ ಗೊತ್ತಿತ್ತು.

ಕೋಟೆಯ ಗೋಡೆಗಳನ್ನು ಕಾಯಲು ಇಲಾಖೆ ಇದೆ, ತೋಪಿನ ಉದ್ದವನ್ನು ಅಳೆದಿಟ್ಟವರಿದ್ದಾರೆ. ಕೈಯಿಂದ ಕೈಗೆ ಮಾತ್ರ ದಾಟುವ ವಿದ್ಯೆಗೆ ಹಾಗೆ ಕಾವಲು ಹಾಕಲು ಬರುವುದಿಲ್ಲ. ಕುದುರೆ ಇರುವವರೆಗೆ, ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರಲು ಒಬ್ಬ ಮನುಷ್ಯ ಇರುವವರೆಗೆ ಅದು ಇರುತ್ತದೆ. ಕುದುರೆಯ ಕಾಲನ್ನು ಬಲದಿಂದ ಹಿಡಿಯಬಹುದು, ಹಗ್ಗದಿಂದ ಕಟ್ಟಬಹುದು. ಆದರೆ ಅದು ತಾನಾಗಿ ಎತ್ತಿ ಕೊಟ್ಟ ಕಾಲಿಗೆ ಮಾತ್ರ ಪಟ್ಟಿ ಸರಿಯಾಗಿ ಕೂರುತ್ತದೆ.